ಯಾವ ಗುಂಡಿಗೆ ಯಾವ ಅಂಕಿ

ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಒಬ್ಬರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಆಸುಪಾಸಿನವರು. ಆ ಕಡೆಯವರಿಗೆ ಸಂಗೀತ ಬಾರದಿದ್ದರೆ ಆಶ್ಚರ್ಯಪಡಬೇಕು. ಇವರಿಗೆ ಚೆನ್ನಾಗಿಯೇ ಬರುತ್ತದೆ, ಹಾಸನದಲ್ಲಿ ಪಾಠ ಹೇಳಿ ವಯಸ್ಸಾದವರು. ಇನ್ನೊಬ್ಬ ಹೊಳೆನರಸೀಪುರದ ಹುಡುಗ, ಚನ್ನರಾಯಪಟ್ಟಣದ ಬ್ಯಾಂಕೊಂದರಲ್ಲಿ ಗುಮಾಸ್ತ. ಹುಡುಗನ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಇದೆ. ಅದಕ್ಕೆ ಅಂಟಿಸಿದ ಪುಟ್ಟ ಪ್ರೋಗ್ರಾಮೊಂದು ವಿಮಾನದ ಎತ್ತರ, ವೇಗ, ದಿಕ್ಕುಗಳನ್ನು ಸ್ಕ್ರೀನ್ ರೀಡರ್ ಮೂಲಕ ಮಾತಾಗಿಸುತ್ತದೆ. ಆಟೋಪೈಲಟ್‌ಗೆ ಕೊಡುವ ಆಜ್ಞೆಯೆಲ್ಲ ಕೀಬೋರ್ಡಿನಿಂದಲೇ. ಭಾನುವಾರ ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಕೂತವರು ಸುಮ್ಮನಿರುವುದಿಲ್ಲ.

ಮೇಷ್ಟ್ರು: ಎಲ್ಲಿದ್ದೀವಯ್ಯಾ ಈಗ?

ಹುಡುಗ: ಮೈಸೂರು ಬಿಟ್ಟು ಹತ್ತು ನಿಮಿಷ ಆಯ್ತು. ಎತ್ತರ 6,500 ಅಡಿ, ವೇಗ 120 ನಾಟ್, ಹೆಡಿಂಗ್ 314.

ಮೇಷ್ಟ್ರು: ನಾನು ಕೇಳಿದ್ದು ಎಲ್ಲಿದ್ದೀವಿ ಅಂತ. ನೀನು ಕೊಟ್ಟಿದ್ದು ಮೂರು ಅಂಕಿ.

ಹುಡುಗ: ಮೇಲಕ್ಕೆ ಹೋದ ಮೇಲೆ ಅಂಕಿ ಬಿಟ್ಟು ಇನ್ನೇನಿದೆ ಮೇಷ್ಟ್ರೇ? ಕಣ್ಣಿದ್ದ ಪೈಲಟ್ ಕೂಡ ಮೋಡದೊಳಗೆ ಹೊಕ್ಕರೆ ಇದೇ ಅಂಕಿ ನಂಬ್ಕೊಂಡೇ ಹೋಗೋದು.

ಮೇಷ್ಟ್ರು: ಸರಿ, ಅಂಕಿಯಲ್ಲೇ ಕೇಳ್ತೀನಿ. ಹೊರಡುವಾಗ ಹೊಳೆನರಸೀಪುರ 324 ಡಿಗ್ರಿ ಅಂದೆ. ಈಗ ನೋಡಿದರೆ ಮೂತಿ 314ಕ್ಕಿದೆ ಅಂತೀಯ. ಆ ಹತ್ತು ಡಿಗ್ರಿ ಎಲ್ಲಿ ಹೋಯ್ತು?

ಹುಡುಗ: ಗಾಳಿಗೆ ಕೊಟ್ಟೆ. ಪಡುವಣದಿಂದ 25 ನಾಟ್ ಬೀಸ್ತಿದೆ. ಮೂತಿಯನ್ನ ನೇರ ಊರಿಗಿಟ್ಟರೆ ಗಾಳಿ ನಮ್ಮನ್ನ ಬಲಕ್ಕೆ ತಳ್ಳುತ್ತೆ. ಅದಕ್ಕೇ ಎಡಕ್ಕೆ ಹತ್ತು ಡಿಗ್ರಿ ತಿರುಗಿಸಿಟ್ಟರೆ ದಾರಿ 324ರಲ್ಲೇ ಇರುತ್ತೆ. ಮೂತಿ ಒಂದು ಕಡೆ, ದಾರಿ ಇನ್ನೊಂದು ಕಡೆ. ಹೊಸಬರು ಎಡವೋದು ಇಲ್ಲೇ. ಹೆಡಿಂಗ್ ಮೋಡ್‌ನಲ್ಲಿ 324 ಅಂತ ಕೊಟ್ಟು ಕಾಫಿಗೆ ಎದ್ದು ಹೋದರೆ, ಇಪ್ಪತ್ತನಾಲ್ಕು ನಿಮಿಷದ ಹೊತ್ತಿಗೆ ಹೊಳೆನರಸೀಪುರ ಸಿಗಲ್ಲ. ಚನ್ನರಾಯಪಟ್ಟಣದ ಪಕ್ಕ, ಐದಾರು ಕಿಲೋಮೀಟರ್ ಈಚೆಗೆ ಇರ್ತೀರಿ.

ಮೇಷ್ಟ್ರು: ಮನೆಗೆ ಹೊರಟವನು ಬ್ಯಾಂಕಿಗೆ ಹೋದ ಹಾಗೆ.

ಹುಡುಗ: ಹೂಂ, ಅದೂ ಭಾನುವಾರ. ನ್ಯಾವ್ ಮೋಡ್ ಒತ್ತಿದರೆ ಆ ತೊಂದರೆ ಇಲ್ಲ. ಅದು ಮೂತಿಯನ್ನ ಹಿಡಿಯಲ್ಲ, ನಕ್ಷೆಯ ಗೆರೆಯನ್ನ ಹಿಡಿಯುತ್ತೆ. ಗಾಳಿಗೆ ಎಷ್ಟು ಕೊಡಬೇಕೋ ತಾನೇ ಲೆಕ್ಕ ಹಾಕ್ಕೊಳ್ಳುತ್ತೆ.

ಮೇಷ್ಟ್ರು: ಅಂದರೆ ಹತ್ತು ಡಿಗ್ರಿ ಕೊಟ್ಟಿದ್ದು ನೀನಲ್ಲ, ಅದು. ನೀನು ‘ಕೊಟ್ಟೆ’ ಅಂತ ಹೇಳ್ಕೊಂಡೆ ಅಷ್ಟೆ.

ಹುಡುಗ: ಯಾವ ಮೋಡ್ ಯಾವಾಗ ಬೇಕು ಅಂತ ತೀರ್ಮಾನ ಮಾಡಿದ್ದು ನಾನೇ ಅಲ್ವಾ?

ಮೇಷ್ಟ್ರು: ಇರಲಿ. ಈಗ ಅರಕಲಗೂಡು ನಿನ್ನ ಯಾವ ಕಡೆಗಿದೆ? ಕೀ ಒತ್ತದೇ ಹೇಳು.

ಹುಡುಗ: ಮುಂದಕ್ಕೆ... ಸ್ವಲ್ಪ ಎಡಕ್ಕೆ.

ಮೇಷ್ಟ್ರು: ಯೋಚನೆ ಮಾಡಿ ಹೇಳಿದೆ. ನಾನು ಒಂದು ರಟ್ಟಿನ ಮೇಲೆ ನಾಲ್ಕು ಗುಂಡುಪಿನ್ನು ಚುಚ್ಚಿಟ್ಕೊಂಡಿದ್ದೀನಿ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಹೊಳೆನರಸೀಪುರದಿಂದ ಅರಕಲಗೂಡು ಹೆಚ್ಚುಕಡಿಮೆ ನೇರ ಪಡುವಣ, 11 ನಾಟಿಕಲ್ ಮೈಲಿ. ಚನ್ನರಾಯಪಟ್ಟಣವೂ ಅಷ್ಟೇ ದೂರ, ಆದರೆ ಈಶಾನ್ಯಕ್ಕೆ. ಹಾಸನ ವಾಯವ್ಯಕ್ಕೆ 16. ಬೆರಳಿಗೆ ಇದು ಗೊತ್ತಿದ್ದರೆ ನಿನ್ನ ಯಂತ್ರ ಸುಳ್ಳು ಹೇಳಿದಾಗ ಸಿಕ್ಕಿಬೀಳುತ್ತೆ.

ಹುಡುಗ: ಯಂತ್ರ ಸುಳ್ಳು ಹೇಳಲ್ಲ ಮೇಷ್ಟ್ರೇ. ನಾವು ತಪ್ಪು ಕೇಳ್ತೀವಿ.

(ಹುಡುಗನ ಮಾತು ಕೇಳಲು ಚುರುಕಾಗಿದೆ. ಆದರೆ ಅಕ್ಷಾಂಶದ ಒಂದು ಅಂಕಿ ತಪ್ಪಾಗಿ ಟೈಪಾದರೆ ಯಂತ್ರ ಅದನ್ನೂ ಅಷ್ಟೇ ವಿಧೇಯತೆಯಿಂದ ಪಾಲಿಸುತ್ತದೆ. ಆಗ ಎಚ್ಚರಿಸುವುದು ರಟ್ಟಿನ ಮೇಲಿನ ಪಿನ್ನೇ.)

ಮೇಷ್ಟ್ರು: ನನ್ನ ತಕರಾರು ಬೇರೆ. ನೀನು ಹಾರಿಸ್ತಿದ್ದೀಯೋ, ಹಾರೋದನ್ನ ಕೇಳ್ತಾ ಕೂತಿದ್ದೀಯೋ?

ಹುಡುಗ: ಆಟೋಪೈಲಟ್ ಅಂದರೆ ನಿನ್ನೆ ಮೊನ್ನೆ ಬಂದ ಸೋಮಾರಿಗಳ ಸಾಮಾನು ಅಂದ್ಕೊಂಡಿದ್ದೀರಿ. ರೈಟ್ ಸಹೋದರರು ಹಾರಿದ್ದು 1903. 1914ರಲ್ಲೇ ಲಾರೆನ್ಸ್ ಸ್ಪೆರಿ ಪ್ಯಾರಿಸ್ ಹತ್ತಿರ ಗೈರೋಸ್ಕೋಪ್ ಕಟ್ಟಿದ ವಿಮಾನದಲ್ಲಿ ಎರಡೂ ಕೈ ಮೇಲೆತ್ತಿ ನಿಂತು ತೋರಿಸಿದ. ಅವನ ಮೆಕ್ಯಾನಿಕ್ ರೆಕ್ಕೆ ಮೇಲೆ ನಡೆದು ಹೋದ. ವಿಮಾನ ಅಲುಗಲಿಲ್ಲ.

ಮೇಷ್ಟ್ರು: ಕೈ ಎತ್ತಿದ, ಕಣ್ಣು ಮುಚ್ಚಲಿಲ್ಲ.

ಹುಡುಗ: ಕಣ್ಣು ಮುಚ್ಚಿದವನೂ ಇದ್ದಾನೆ. 1929ರ ಸೆಪ್ಟೆಂಬರ್ 24, ನ್ಯೂಯಾರ್ಕ್ ಹತ್ತಿರದ ಮಿಚೆಲ್ ಫೀಲ್ಡ್. ಜಿಮ್ಮಿ ಡೂಲಿಟಲ್ ಕಾಕ್‌ಪಿಟ್‌ಗೆ ಪೂರ್ತಿ ಮುಸುಕು ಹಾಕ್ಕೊಂಡು ಮೇಲೇರಿ, ಸುತ್ತಿ, ಇಳಿಸಿದ. ಹೊರಗಿನದು ಏನೇನೂ ಕಾಣಲ್ಲ, ಬರೀ ಮೀಟರು, ರೇಡಿಯೋ.

ಮೇಷ್ಟ್ರು: ಮುಂದಿನ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಕೂತಿದ್ದ, ಬೇಕಾದರೆ ಹಿಡಿಯೋಕೆ. ಅದನ್ನ ಹೇಳಲ್ಲ ನೀನು. ಆ ಮುಸುಕನ್ನ ಕೈಯಿಂದ ಸರಿಸಬಹುದಿತ್ತು. ನಿನ್ನದೂ ನನ್ನದೂ ಸರಿಸೋಕಾಗಲ್ಲ. ಇನ್ನೂ ಒಂದಿದೆ. ಡೂಲಿಟಲ್‌ಗೆ ಮೀಟರುಗಳೆಲ್ಲ ಒಟ್ಟಿಗೆ ಕಾಣ್ತಿದ್ದವು. ಒಂದು ನೋಟ ಹೊರಳಿಸಿದರೆ ವೇಗ, ಎತ್ತರ, ವಾಲು, ದಿಕ್ಕು, ಎಲ್ಲ. ನಿನಗೆ ಒಂದಾದ ಮೇಲೆ ಒಂದು. ಕೀ ಒತ್ತು, ಕೇಳು. ಇನ್ನೊಂದು ಒತ್ತು, ಕೇಳು. ನಾಲ್ಕು ಪ್ರಶ್ನೆಗೆ ಎಂಟು ಸೆಕೆಂಡು ಹಿಡಿಯಿತು ಅನ್ನು. ಇಳಿಯುವಾಗ ದೊಡ್ಡ ವಿಮಾನದ ವೇಗ 140 ನಾಟ್. ಎಂಟು ಸೆಕೆಂಡಿಗೆ ಅರ್ಧ ಕಿಲೋಮೀಟರಿಗೂ ಮಿಕ್ಕಿ ಮುಂದೆ ಹೋಗಿರ್ತೀಯ, ತೊಂಬತ್ತು ಅಡಿ ಕೆಳಗಿಳಿದಿರ್ತೀಯ. ಮೊದಲನೇ ಉತ್ತರ ಆಗಲೇ ಹಳಸಿರುತ್ತೆ.

ಹುಡುಗ: ಇದನ್ನ ಒಪ್ತೀನಿ. ಒಪ್ಪೋದರಿಂದಲೇ ಆಟೋಪೈಲಟ್ ಬೇಕು ಅನ್ನೋದು. ನಾನು ಒಂದು ಕೇಳ್ತಿರುವಾಗ ಉಳಿದ ಮೂರನ್ನ ಯಾರಾದರೂ ಹಿಡ್ಕೊಂಡಿರಬೇಕಲ್ಲ? ಕಣ್ಣಿದ್ದವರಿಗೆ ಅದು ಕೈಗೆ ವಿಶ್ರಾಂತಿ. ನನಗೆ ಕಿವಿಗೆ ಪುರುಸೊತ್ತು.

ಮೇಷ್ಟ್ರು ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಹುಡುಗ ಸಿಕ್ಕ ಬಿಡುವಿನಲ್ಲಿ ಆಟೋಪೈಲಟ್ಟಿನ ಪಾಠ ಶುರುಮಾಡಿದ. ಅದು ಎರಡು ಪಾಲಂತೆ: ಒಂದು ಪಾಲು ಎಡ–ಬಲ ನೋಡಿಕೊಳ್ಳುತ್ತದೆ, ಹೆಡಿಂಗ್ ಅಥವಾ ನ್ಯಾವ್, ಇನ್ನೊಂದು ಪಾಲು ಮೇಲೆ–ಕೆಳಗೆ, ಇದ್ದ ಎತ್ತರ ಹಿಡಿಯುವ ಆಲ್ಟಿಟ್ಯೂಡ್ ಹೋಲ್ಡ್, ನಿಮಿಷಕ್ಕೆ ಇಷ್ಟು ಅಡಿ ಎಂದು ಏರಿಸಿ ಇಳಿಸುವ ವರ್ಟಿಕಲ್ ಸ್ಪೀಡ್. ರನ್‌ವೇಯಿಂದ ಬರುವ ರೇಡಿಯೋ ಕಿರಣ ಸಿಕ್ಕ ಮೇಲೆ ಎರಡೂ ಪಾಲನ್ನು ಒಟ್ಟಿಗೆ ಕಟ್ಟುವುದು ಅಪ್ರೋಚ್ ಮೋಡ್. ಸೆಸ್ನಾ 172ನಂಥ ಸಣ್ಣ ವಿಮಾನದಲ್ಲಿ ಥ್ರಾಟಲ್ ಮಾತ್ರ ಯಾರ ಪಾಲಿಗೂ ಸೇರಿಲ್ಲ, ಅದು ಪೈಲಟ್ಟಿನ ಕೈಯಲ್ಲೇ. ಇಷ್ಟು ಹೇಳುತ್ತ 8,500 ಅಡಿಗೆ ಏರಲು ನಿಮಿಷಕ್ಕೆ 900 ಎಂದು ಕೊಟ್ಟಿದ್ದ.

ಮೇಷ್ಟ್ರು: ಇಂಜಿನ್ ಶ್ರುತಿ ಇಳೀತಾ ಇದೆ.

ಹುಡುಗ: ಏನು?

ಮೇಷ್ಟ್ರು: ಅರ್ಧ ಸ್ವರ ಇಳೀತು. ಇನ್ನೂ ಇಳೀತಿದೆ. ವೇಗ ಕೇಳು.

ಹುಡುಗ: ...79. ಅಯ್ಯೋ. ತಾಳಿ, 400ಕ್ಕೆ ಇಳಿಸ್ತೀನಿ. ಥ್ರಾಟಲ್ ಪೂರ್ತಿ ಕೊಡ್ತೀನಿ. ಹಾಂ, ಹತ್ತುತ್ತಿದೆ.

ಮೇಷ್ಟ್ರು: ಏನಾಯ್ತು ಅಂತ ಗೊತ್ತಾಯ್ತಾ?

ಹುಡುಗ: ಗೊತ್ತು. 900 ಏರು ಅಂದೆ. ಇಂಜಿನ್ನಿಗೆ ಅಷ್ಟು ತಾಕತ್ತಿದೆಯಾ ಅಂತ ಆಟೋಪೈಲಟ್ ನೋಡಲ್ಲ. ಮೂತಿ ಎತ್ತುತ್ತಾ ಹೋಗುತ್ತೆ, ವೇಗ ತಿನ್ನುತ್ತಾ ಹೋಗುತ್ತೆ. ಬಿಟ್ಟಿದ್ದರೆ ಸ್ಟಾಲ್ ಆಗಿ ಬೀಳ್ತಿತ್ತು. ಇದರ ಪ್ರೊಪೆಲ್ಲರ್ ರೆಕ್ಕೆಗಳ ಕೋನ ಬದಲಾಗಲ್ಲ, ಅದಕ್ಕೇ ವಿಮಾನದ ವೇಗ ಬಿದ್ದ ಹಾಗೆ ಸುತ್ತುಗಳೂ ಕಮ್ಮಿಯಾಗ್ತವೆ, ಸದ್ದೂ ಇಳಿಯುತ್ತೆ. ನಿಮಗೆ ಕೇಳಿಸ್ತು.

ಮೇಷ್ಟ್ರು: ಕಿವಿಗೆ ಪುರುಸೊತ್ತು ಸಿಗುತ್ತೆ ಅಂದೆ. ಆ ಪುರುಸೊತ್ತಲ್ಲಿ ನೀನು ಪಾಠ ಹೇಳ್ತಿದ್ದೆ.

ಹುಡುಗ: ಸರಿ, ನಿಮ್ಮದು ಒಂದು. ಆದರೆ ಕೈಯಲ್ಲೇ ಹಾರಿಸ್ತಿದ್ದವರು ಇದೇ ತಪ್ಪು ಮಾಡಿಲ್ವಾ?

ಮೇಷ್ಟ್ರು: ಮಾಡಿದ್ದಾರೆ. ಕಣ್ಣಿದ್ದವರೂ ಮಾಡಿದ್ದಾರೆ, ನಮ್ಮ ಬೆಂಗಳೂರಿನಲ್ಲೇ. 1990ರ ಫೆಬ್ರುವರಿ 14 ನೀನು ಕೇಳಿರಬೇಕು.

ಹುಡುಗ: ಇಂಡಿಯನ್ ಏರ್‌ಲೈನ್ಸ್ 605. ಹೊಸಾ ಏರ್‌ಬಸ್ 320. ಮುಂಬೈಯಿಂದ ಬಂದಿದ್ದು, ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಜನ ಹೋದರು.

ಮೇಷ್ಟ್ರು: ಮಧ್ಯಾಹ್ನದ ಬಿಸಿಲು, ಮೋಡ ಅಡ್ಡ ಇಲ್ಲ, ರನ್‌ವೇ ಕಣ್ಣೆದುರಿಗೇ. ವಿಚಾರಣೆಯಲ್ಲಿ ಏನು ಬಂತು?

ಹುಡುಗ: ಕೊಡಬೇಕಾಗಿದ್ದು ನಿಮಿಷಕ್ಕೆ 700 ಅಡಿ ಇಳಿ ಅಂತ. 140 ನಾಟ್ ಗುಣಿಸು ಐದು, 700. ಮೂರು ಡಿಗ್ರಿ ಇಳಿಜಾರಿನ ಲೆಕ್ಕ ಅದು, ಸರಿಯಾದ ಅಂಕಿಯೇ. ಆದರೆ ವರ್ಟಿಕಲ್ ಸ್ಪೀಡ್ ಗುಂಡಿಯ ಬದಲು ಪಕ್ಕದ ಎತ್ತರದ ಗುಂಡಿ ತಿರುಗಿತ್ತು ಅನ್ನೋದೇ ಹೆಚ್ಚು ಸಂಭವ ಅಂತ ವರದಿ ಹೇಳ್ತು. ಯಂತ್ರಕ್ಕೆ ಅರ್ಥ ಆಗಿದ್ದು ‘700 ಅಡಿ ಎತ್ತರಕ್ಕೆ ಇಳಿ’ ಅಂತ. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ. ಇಂಜಿನ್ ಐಡಲ್‌ಗೆ ಇಳೀತು, ವೇಗ ಕುಸೀತು, ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಮೇಷ್ಟ್ರು: ಅಂಕಿ ಸರಿ, ಗುಂಡಿ ತಪ್ಪು. ಕಣ್ಣೆದುರಿಗೆ ಅಷ್ಟೆಲ್ಲ ಬರೆದಿದ್ದರೂ.

ಹುಡುಗ: ಇದನ್ನೇ ನಾನು ಹೊಸಬರಿಗೆ ಮೊದಲು ಹೇಳ್ಕೊಡೋದು. ಬರೀ ಅಂಕಿ ಕೇಳ್ಬೇಡಿ. ಮೊದಲು ಗುಂಡಿಯ ಹೆಸರು, ಆಮೇಲೆ ಅಂಕಿ, ಆಮೇಲೆ ಮೋಡ್ ಏನಾಯ್ತು ಅಂತ ಇನ್ನೊಂದು ಸಲ. ಮೂರೂ ಕೇಳಿಸಿಕೊಳ್ಳದೆ ಮುಂದಕ್ಕೆ ಹೋಗಬಾರದು. ಕಣ್ಣಿದ್ದವರು ‘ನೋಡ್ದೆ’ ಅಂದ್ಕೊಂಡು ದಾಟಿಬಿಡ್ತಾರೆ. ನಮಗೆ ಆ ದಾರಿಯೇ ಇಲ್ಲ, ಕೇಳಲೇಬೇಕು. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಮೇಲು ಅಂತ ನನ್ನ ಅಭಿಪ್ರಾಯ.

ಮೇಷ್ಟ್ರು: ಕೇಳಲೇಬೇಕು ಅಂತ ಗೊತ್ತಿದ್ದರೆ ಮೇಲು. ಕೇಳೋದನ್ನ ಮರೆತರೆ? ತಪ್ಪು ಮೋಡ್ ಅವರಿಗೆ ಹೊರಗಿನ ಕಿಟಕಿಯಲ್ಲಾದರೂ ಕಾಣಬಹುದು. ನಾವು ಕೇಳದ ಪ್ರಶ್ನೆಗೆ ಉತ್ತರ ಬರೋದೇ ಇಲ್ಲ.

(ಇಲ್ಲಿ ನನಗೆ ಹುಡುಗನ ಕಡೆಯೇ ತೂಕ ಹೆಚ್ಚೆನ್ನಿಸಿತ್ತು, ಮೇಷ್ಟ್ರ ಕೊನೆಯ ವಾಕ್ಯ ಬರುವ ತನಕ.)

ಹುಡುಗ: ಹಾಗಾದರೆ ನೀವು ಹೇಳೋದೇನು? ಆಟೋಪೈಲಟ್ ಕಿತ್ತುಹಾಕಿ ಅಂತಲಾ?

ಮೇಷ್ಟ್ರು: ಮಾತೊಂದನ್ನೇ ನಂಬಬೇಡ ಅಂತ. ಮಾತು ಕೇಳಿದಾಗ ಮಾತ್ರ ಹೇಳುತ್ತೆ, ನಾದ ಯಾವಾಗಲೂ ಇರುತ್ತೆ. ಹಿಂದೆ ಅಮೆರಿಕದಲ್ಲಿ ಪೈಲಟ್‌ಗಳು ಕಿವಿಯಿಂದಲೇ ದಾರಿ ಹಿಡೀತಿದ್ದರಂತೆ, ನೀನೇ ಓದಿ ಹೇಳಿದ್ದೆ.

ಹುಡುಗ: ರೇಡಿಯೋ ರೇಂಜ್. 1930ರ ದಶಕದಲ್ಲಿ ಅದೇ ಹೆದ್ದಾರಿ. ನೆಲದ ಮೇಲಿನ ಸ್ಟೇಷನ್ ಒಂದು ಕಡೆಗೆ ಮೋರ್ಸ್‌ನ ಎ ಕಳಿಸುತ್ತೆ, ಒಂದು ಗಿಡ್ಡ ಒಂದು ಉದ್ದ. ಪಕ್ಕದ ಕಡೆಗೆ ಎನ್, ಒಂದು ಉದ್ದ ಒಂದು ಗಿಡ್ಡ. ದಾರಿಯ ನಡುಮಧ್ಯೆ ಇದ್ದರೆ ಒಂದರ ಸಂದಿಗೆ ಇನ್ನೊಂದು ಕೂತು ಬಿಡುವಿಲ್ಲದ ಒಂದೇ ನಾದ ಆಗುತ್ತೆ. ಎ ಕೇಳಿಸಿದರೆ ಒಂದು ಬದಿಗೆ ಜಾರಿದ್ದೀರಿ, ಎನ್ ಕೇಳಿಸಿದರೆ ಇನ್ನೊಂದು ಬದಿಗೆ.

ಮೇಷ್ಟ್ರು: ತಂಬೂರಿಯ ಎರಡು ತಂತಿ ಶ್ರುತಿ ಸೇರಿದ ಹಾಗೆ. ಸೇರದಿದ್ದಾಗ ಒಳಗೊಳಗೇ ಅಲೆ ಏಳುತ್ತೆ. ಸೇರಿದಾಗ ಎರಡು ತಂತಿ ಅಂತಲೇ ಗೊತ್ತಾಗಲ್ಲ. ಇದಕ್ಕೆ ಅಂಕಿ ಬೇಕಾಗಿಲ್ಲ ನೋಡು. ನಿನ್ನ ಸಿಮ್ಯುಲೇಟರಿಗೂ ಅಂಥದ್ದು ಇದೆಯಲ್ಲ, ಮೂತಿ ಎದ್ದರೆ ಸ್ವರ ಏರುತ್ತೆ, ಎಡಕ್ಕೆ ವಾಲಿದರೆ ಎಡಗಿವಿಗೆ ಬರುತ್ತೆ ಅಂತಿದ್ದೆ. ಅದನ್ನ ಯಾಕೆ ಆರಿಸಿಟ್ಟಿದ್ದೀಯ?

ಹುಡುಗ: ತಲೆನೋವು ಬರುತ್ತೆ ಮೇಷ್ಟ್ರೇ. ಒಂದು ಕಡೆ ಕಂಟ್ರೋಲ್ ಟವರ್, ಒಂದು ಕಡೆ ಸ್ಕ್ರೀನ್ ರೀಡರ್, ಇಂಜಿನ್ನು, ಅದರ ಮೇಲೆ ಈ ಕುಂಯ್ ಅನ್ನೋದು. ಅರ್ಧ ಸ್ವರ ಇಳಿದಿದ್ದು ಗುರುತಿಸೋ ಕಿವಿ ನಿಮಗಿದೆ. ಎಲ್ಲ ಕುರುಡರಿಗೂ ಸಂಗೀತದ ಕಿವಿ ಇರುತ್ತೆ ಅಂತ ಜನ ಹೇಳ್ತಾರಲ್ಲ, ನೀವೂ ಹಾಗೇ ಹೇಳ್ಬೇಡಿ. ನನಗೆ ಇಲ್ಲ. 314 ಅಂದರೆ ನನಗೆ ಅರ್ಥ ಆಗುತ್ತೆ.

ಮೇಷ್ಟ್ರು: (ನಕ್ಕು) ಸರಿಯಾಗಿ ಕೊಟ್ಟೆ.

ಹುಡುಗ: ಇನ್ನೊಂದು ಹೇಳ್ತೀನಿ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. 36,000 ಕಿಲೋಮೀಟರ್ ಮೇಲಿರೋ ಉಪಗ್ರಹಗಳನ್ನ ಹಾಸನದಲ್ಲಿ ಕೂತು ನಡೆಸ್ತಾರೆ. ಅಲ್ಲಿ ಯಾರಾದರೂ ಉಪಗ್ರಹವನ್ನ ಕಣ್ಣಾರೆ ನೋಡಿ ತಿರುಗಿಸ್ತಾರಾ? ಅಂಕಿ ಕೆಳಗೆ ಬರುತ್ತೆ, ಆಜ್ಞೆ ಮೇಲಕ್ಕೆ ಹೋಗುತ್ತೆ. ಜಿಸ್ಯಾಟ್-8, 10, 15, ಈ ಮೂರರಲ್ಲೂ ಗಗನ್ ವ್ಯವಸ್ಥೆಯ ಉಪಕರಣ ಇದೆ. ಜಿಪಿಎಸ್ಸಿನ ತಪ್ಪು ತಿದ್ದಿ ವಿಮಾನಗಳಿಗೆ ಕೊಡೋದು ಅದೇ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನ ಗಗನ್ ಹಿಡ್ಕೊಂಡೇ ಇಳೀತು. ಅವರು ಮಾಡಿದರೆ ನಿಯಂತ್ರಣ, ನಾನು ಮಾಡಿದರೆ ಕೇಳ್ತಾ ಕೂರೋದಾ?

ಮೇಷ್ಟ್ರು: ಅವರಿಗೆ ಸಮಯ ಇದೆ, ಪಾಳಿ ಇದೆ, ಪಕ್ಕದಲ್ಲಿ ಹತ್ತು ಜನ ಇದ್ದಾರೆ. ಉಪಗ್ರಹ ಸ್ವಲ್ಪ ಸರಿದರೆ ಕೂತು ಲೆಕ್ಕ ಹಾಕಿ ತಿದ್ದಬಹುದು. ನಿನಗೆ ಎಂಟು ಸೆಕೆಂಡು. ಉಳಿದಂತೆ ನಿನ್ನ ಹೋಲಿಕೆ ತಪ್ಪಲ್ಲ. ಆದರೂ ನೋಡು, ಉಪಗ್ರಹ ನಡೆಸೋ ಊರಿಗೆ ವಿಮಾನ ಇಳಿಯಲ್ಲ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಸಣ್ಣ ಸಣ್ಣ ಊರಿಗೆಲ್ಲ ವಿಮಾನ ಕಳಿಸಿದರು. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಸುದ್ದಿ ಮಾತ್ರ ನಾವು ಕೇಳ್ತಾನೇ ಇದ್ದೀವಿ.

ಹುಡುಗ: ಸಿಮ್ಯುಲೇಟರಿನಲ್ಲೂ ಇಲ್ಲ. ಅದಕ್ಕೇ ಮೈಸೂರಿಂದ ಹೊರಡೋದು.

ಮೇಷ್ಟ್ರು: ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಲೈಸೆನ್ಸ್ ಸಿಗಲ್ಲ. ಯಾವ ಕಾಲಕ್ಕೂ ಸಿಗಲ್ಲ ಅನ್ನು. ಇಷ್ಟು ದುಡ್ಡು ಸುರಿದು, ಇಷ್ಟು ತಲೆ ಕೆಡಿಸ್ಕೊಂಡು, ಯಾಕೆ?

ಹುಡುಗ: ದುಡ್ಡಿನ ಕತೆ ಕೇಳಿ. ಸ್ಕ್ರೀನ್ ರೀಡರ್ ಎನ್‌ವಿಡಿಎ, ಬಿಟ್ಟಿ. 2006ರಲ್ಲಿ ಅದನ್ನ ಬರೆಯೋಕೆ ಶುರುಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್‌ಗೂ ಕಣ್ಣು ಕಾಣಲ್ಲ. ಖರ್ಚಾಗಿದ್ದು ಗ್ರಾಫಿಕ್ಸ್ ಕಾರ್ಡಿಗೆ. ನಾನು ಯಾವತ್ತೂ ನೋಡದ ಮೋಡ, ಬೆಟ್ಟಗಳನ್ನ ಅದು ಬಿಡಿಸುತ್ತೆ. ಅದಿಲ್ಲದೆ ಪ್ರೋಗ್ರಾಮೇ ತೆರೆಯಲ್ಲ.

ಮೇಷ್ಟ್ರು: ನಾನು ಕೇಳಿದ್ದು ಯಾಕೆ ಅಂತ.

ಹುಡುಗ: ಚನ್ನರಾಯಪಟ್ಟಣದಿಂದ ಊರಿಗೆ ಬರೋ ಬಸ್ಸಿನಲ್ಲಿ ನನ್ನನ್ನ ಯಾರೋ ಹತ್ತಿಸ್ತಾರೆ, ಯಾರೋ ಇಳಿಸ್ತಾರೆ. ಒಳ್ಳೆಯವರೇ. ಆದರೆ ದಾರಿ ನಂದಲ್ಲ. ಇಲ್ಲಿ ಎಲ್ಲಿಗೆ, ಎಷ್ಟು ಎತ್ತರದಲ್ಲಿ, ಗಾಳಿಗೆ ಎಷ್ಟು ಬಿಟ್ಟುಕೊಟ್ಟು ಅನ್ನೋದು ನನ್ನ ತೀರ್ಮಾನ. ತಪ್ಪಾದರೂ ನಂದೇ. ಅದಕ್ಕೆ.

ಮೇಷ್ಟ್ರು: ಹಾಗಿದ್ದ ಮೇಲೆ ನ್ಯಾವ್ ಒತ್ತಿ ದಾರಿಯನ್ನ ಇನ್ನೊಬ್ಬರಿಗೆ ಕೊಡೋದು ಯಾಕೆ?

ಸ್ಕ್ರೀನ್ ರೀಡರ್ ನಡುವೆ ಬಾಯಿ ಹಾಕಿತು: ಹೊಳೆನರಸೀಪುರ, ಎರಡು ಮೈಲಿ. ಮುಂದಿನ ನಿಲ್ದಾಣ ಬೆಂಗಳೂರು, 74 ಡಿಗ್ರಿ, ಸುಮಾರು 90 ನಾಟಿಕಲ್ ಮೈಲಿ.

ಹುಡುಗ: ಗಾಳಿ ಪಡುವಣದ್ದು, ಅಂದರೆ ಅಲ್ಲಿ ರನ್‌ವೇ 27. ಅದು 270 ಡಿಗ್ರಿ, ಗಾಳಿಗೆ ಎದುರಾಗಿ ಇಳಿಯೋದು. ಊರು ದಾಟಿ ಮೂಡಣಕ್ಕೆ ಹೋಗಿ ತಿರುಗಬೇಕು. ಕಿರಣವನ್ನ ಕೆಳಗಿನಿಂದಲೇ ಹಿಡೀಬೇಕು. ಅಪ್ರೋಚ್ ಮೋಡ್ ಹಾಕ್ತೀನಿ.

ಮೇಷ್ಟ್ರು: ಅಪ್ರೋಚ್ ಬೇಡ. ಆ ಕುಂಯ್ ಅನ್ನೋದನ್ನ ಹಾಕು, ಕೈಯಲ್ಲಿ ಇಳಿಸು. ಇಳಿಯುವ ದರ ನಾನು ಹೇಳ್ತೀನಿ. ವೇಗ 90, ಎದುರುಗಾಳಿ 15 ಅನ್ನು, ನೆಲದ ಮೇಲಿನ ವೇಗ 75, ಗುಣಿಸು ಐದು, ನಿಮಿಷಕ್ಕೆ 375.

ಹುಡುಗ: ಬೀಳ್ತೀವಿ.

ಮೇಷ್ಟ್ರು: ಬಿದ್ದರೆ ತಪ್ಪು ನಿಂದೇ ಅಂದಿದ್ದೆಯಲ್ಲ?

ಹುಡುಗ: ನೆಲದಿಂದ 500 ಅಡಿ ಬರೋವರೆಗೂ ಅಪ್ರೋಚ್, ಆಮೇಲೆ ಕೈ.

ಮೇಷ್ಟ್ರು: 1,500.

ಹುಡುಗ: 1,000. ಅಲ್ಲಿನ ನೆಲ 3,000, ಹಾಗಾಗಿ ಆಲ್ಟಿಮೀಟರ್‌ನಲ್ಲಿ 4,000. ಅದಕ್ಕಿಂತ ಮೇಲೆ ಕೇಳ್ಬೇಡಿ.

ಮೇಷ್ಟ್ರು: ಸರಿ, 4,000. ಮೊದಲು ಗುಂಡಿಯ ಹೆಸರು ಹೇಳು, ಆಮೇಲೆ ಒತ್ತು.